ಪುಸ್ತಕದೊಳಗಿನ ಕುರ್ಚಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ಬೇರೇನನ್ನೋ ಬರೆದು ಎದ್ದಿದ್ದೇನೆ. ರಾಯಚೂರಿನಲ್ಲಿ ಯಾರಾದರೂ ಹಳೆಯ ಕಾದಂಬರಿಗಳ ಮಾತು ತೆಗೆದರೆ ಸಾಕು, ‘ಕಥಾನಾಯಕ ಬಾಗಿಲಿಗೆ ಬಂದ ಬಡವರನ್ನು ಹೇಗೆ ಮಾತಾಡಿಸುತ್ತಾನೆ ನೋಡಿ, ಅದೇ ಅವನ ಗುಣ’ ಎಂದು ಉಪದೇಶ ಶುರುಮಾಡುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಆಗ ನನಗೆ ಮೈ ಉರಿಯುತ್ತದೆ, ಅವರ ಮೇಲಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಉರ್ದುವಿನಲ್ಲಿ ಮ್ಯಾಟ್ರಿಕ್ ಮುಗಿಸಿ ಮಾನ್ವಿಯ ಸಾಹುಕಾರರೊಬ್ಬರ ಮನೆಯಲ್ಲಿ ಕಾಗದಪತ್ರ ಬರೆಯುವ ಮುನ್ಶಿಯಾಗಿದ್ದೆ. ಕನ್ನಡ ಪುಸ್ತಕ ಸಿಗುವುದೇ ಅಪರೂಪ. ಸಿಕ್ಕಿದ ಒಂದು ಕಾದಂಬರಿಯನ್ನು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಮನೆಯವರಿಗೆ ಓದಿ ಹೇಳುತ್ತಿದ್ದೆ. ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಒಡೆಯುತ್ತಿದ್ದ ಹೆಂಗಸರೂ ಕೇಳುತ್ತಿದ್ದರು. ಎಲ್ಲರಿಂದ ದೂರ, ಗೋಡೆಯ ಬದಿ ಕೂರಬೇಕಾಗಿದ್ದ, ಮಲ್ಲಟವೆಂಬ ಹಳ್ಳಿಯಿಂದ ಕೂಲಿಗೆ ಬಂದ ಮುದುಕಿ ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದಳು.

ಕತೆಯಲ್ಲಿ ಒಬ್ಬ ಕೂಲಿ ಮುದುಕಿ ಕಳೆದುಹೋದ ಮಗನನ್ನು ಹುಡುಕುತ್ತ ಜಮೀನ್ದಾರನ ಮನೆಗೆ ಬರುತ್ತಾಳೆ. ಅವನು ಎದ್ದು, ತನ್ನ ಕುರ್ಚಿಯಲ್ಲೇ ಅವಳನ್ನು ಕೂರಿಸಿ, ತಾನು ನಿಂತು ಮಾತಾಡುತ್ತಾನೆ. ಅದನ್ನು ಓದಿದ ದಿನ ಸಾಹುಕಾರರು ದೇವದುರ್ಗಕ್ಕೆ ಹೋಗಿದ್ದರು. ಮರಳಿ ಬಂದವರು, “ಮುನ್ಶಿ, ನಾ ಇಲ್ಲದಾಗಿಂದು ಇನ್ನೊಮ್ಮೆ ಓದು” ಅಂದರು.

ಓದಿದೆ. ಕುರ್ಚಿ ಬಂದಲ್ಲಿ ನಾಲಿಗೆ ತಡೆಯಿತು. ಸಾಹುಕಾರರು ಎದುರಿಗೇ ಗಾದಿಯ ಮೇಲಿದ್ದರು. ‘ಮುದುಕಿ ಬಾಗಿಲಲ್ಲೇ ನಿಂತಳು, ಜಮೀನ್ದಾರ ಕೂತಲ್ಲಿಂದಲೇ ವಿಚಾರಿಸಿದ’ ಎಂದು ಬಾಯಿಗೆ ಬಂದಂತೆ ಓದಿಬಿಟ್ಟೆ. ಯಾರೂ ಹೇಳಿರಲಿಲ್ಲ. ನಾನೇ ಮಾಡಿದೆ.

ಗೋಡೆಯ ಕಡೆಯಿಂದ ಮಾತು ಬಂತು: “ಯಪ್ಪಾ, ಮೊನ್ನಿ ಆ ಮುದುಕಿಗೆ ಕುರ್ಚಿ ಕೊಟ್ಟಿದ್ರಿ. ಇವತ್ತ್ಯಾಕ ನಿಂದ್ರಿಸೀರಿ? ಪುಸ್ತಕದಾಗಿನ ಕುರ್ಚಿಗೂ ಮೈಲಿಗಿ ಆತೇನ್ರಿ?”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಾಹುಕಾರರು ನನ್ನ ಮುಖ ನೋಡಿದರು.

“ಓದಾಕ ಬರ್ತದೇನ್ ಬೇ ನಿನಗ? ಕೇಳಿದ್ದು ನೆಪ್ಪಿಲ್ಲ, ಸುಳ್ಳ ಹೇಳ್ತಿ!” ಎಂದು ಗದರಿಸಿದೆ. ಅವಳು ನನ್ನ ತಾಯಿಗಿಂತ ಹಿರಿಯಳು.

“ನಾಳಿಂದ ಆಕಿ ಹಿತ್ತಲದಾಗ ಒಡೀಲಿ,” ಅಂದರು ಸಾಹುಕಾರರು. ಹಿತ್ತಲಿಗೆ ಓದುವ ದನಿ ಕೇಳುತ್ತಿರಲಿಲ್ಲ.

ಶೇಂಗಾ ಮುಗಿದ ದಿನ ಊರಿಗೆ ಹೊರಟವಳು ದೂರದಲ್ಲೇ ನಿಂತು ಕೇಳಿದಳು: “ಕುರ್ಚಿ ಹೋಗ್ಲಿ ಬಿಡ್ರಿ ಯಪ್ಪಾ. ಆಕಿಗೆ ಮಗ ಸಿಕ್ಕನೇನು, ಅಷ್ಟು ಹೇಳ್ರಿ.”

“ನಡಿ, ನಡಿ, ನನಗ ಕೆಲಸ ಅದ,” ಅಂದೆ.

ಸಿಕ್ಕಿದ್ದ. ಹೇಳಲು ಒಂದೇ ಮಾತು ಸಾಕಾಗಿತ್ತು. ಮಲ್ಲಟಕ್ಕೆ ಹೋಗಿ ಹೇಳಿಬರಲು ಎಷ್ಟೋ ವರ್ಷ ಕೈಯಲ್ಲಿದ್ದವು, ಕಾಲಲ್ಲಿ ಕಸುವೂ ಇತ್ತು. ಕಂಡಕಂಡವರಿಗೆ ನಡತೆಯ ಪಾಠ ಹೇಳಿದ ನಾನು ‘ತಪ್ಪಾಯಿತು’ ಎನ್ನದೆ ಉಳಿದದ್ದು ಒಬ್ಬಳಿಗೆ: ಗೋಡೆಯ ಬದಿ ಕೂತು ನನ್ನ ಓದನ್ನು ಸರಿಯಾಗಿ ಕೇಳಿಸಿಕೊಂಡಿದ್ದ ಆ ಮಲ್ಲಟದ ಮುದುಕಿಗೆ.