ಹಾಲು ತೂಗುವ ಡಬ್ಬಿಯ ದನಿ

ಔರಾದ್ ತಾಲೂಕಿನ ಆ ಹಾಲಿನ ಕೇಂದ್ರದ ಮುಂದೆ ನಾನು ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಕ್ಯಾನ್ ಹಿಡಿದು ಪಾಳಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ನನ್ನ ಬೆನ್ನ ಹಿಂದೆ ಇಣುಕಿ ಕೇಳಿದಳು:

"ಆ ತಮ್ಮ ಬರ್ಲಿಲ್ಲೇನ್ರಿ?"

"ಜ್ವರ ಬಂದಾವ್ರಿ. ಅವನ ಬದ್ಲಿ ನಾ ಬಂದೇನಿ."

"ಅಯ್ಯ! ಗುಳಿಗಿ ತಗೊಂಡಾನಿಲ್ಲ?" ಎಂದಳು ಇನ್ನೊಬ್ಬಳು. ಮೂರನೆಯವಳು ಓಡಿಹೋಗಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದು ನನ್ನ ಕೈಗಿಟ್ಟಳು. ನನಗಲ್ಲ. ಅವನಿಗೆ ಮುಟ್ಟಿಸಲು.

ನಾನೂ ಅವನೂ ಒಂದೇ ಅಂಗಡಿಯವರು. ಬೀದರಿನ ಅಂಚಿಗೆ, ಕೊಳಾರದಲ್ಲಿ ನಮ್ಮ ಮಾಲಕರದೊಂದು ಶೆಡ್ ಇದೆ. ಹಾಲು ತೂಗಿ, ಫ್ಯಾಟ್ ಅಳೆದು ಪರದೆಯ ಮೇಲೆ ತೋರಿಸುವ ಡಬ್ಬಿಗಳನ್ನು ಅಲ್ಲಿ ಜೋಡಿಸಿ ಹಳ್ಳಿ ಹಳ್ಳಿಗೆ ಹೋಗಿ ಕೂಡಿಸಿ ಬರುತ್ತೇವೆ. ಡಬ್ಬಿಯೊಳಗೆ ಅಂಗೈಯಗಲದ ಬೋರ್ಡು, ಬೋರ್ಡಿಗೆ ಉಗುರಿನಷ್ಟು ಮೆಮೊರಿ ಕಾರ್ಡು, ಆ ಕಾರ್ಡಿನಲ್ಲಿ ಡಬ್ಬಿಯನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ. ದೊಡ್ಡ ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಹಾಕಿದರೆ ಈ ಬಡ ಬೋರ್ಡಿಗೆ ಉಸಿರು ಕಟ್ಟುತ್ತದೆ. ಹಗುರವಾದದ್ದೊಂದನ್ನು ತಂದು, ಅದರಿಂದಲೂ ಬೇಡದ್ದನ್ನೆಲ್ಲ ತೆಗೆಯಬೇಕು. ನನಗದು ಮೊರದಲ್ಲಿ ತೊಗರಿಬೇಳೆ ಹಸನು ಮಾಡಿದ ಹಾಗೆ. ಪ್ರಿಂಟರಿನದು ಬೇಡ, ಮೌಸಿನದು ಬೇಡ, ಚಿತ್ರ ಬೇಡ, ಸದ್ದು ಬೇಡ. ಹಾಲು ತೂಗುವ ಡಬ್ಬಿಗೆ ಸದ್ದು ಯಾಕೆ? ನನ್ನ ಕಾರ್ಡು ಹಾಕಿದ ಡಬ್ಬಿ, ಕರೆಂಟು ಬಂದ ಮೇಲೆ ಹಾಲಿನ ಕ್ಯಾನಿನ ಮುಚ್ಚಳ ತೆಗೆಯುವಷ್ಟರಲ್ಲಿ ತೂಗಲು ತಯಾರು. ಅವನು ತಯಾರಿಸಿದ ಕಾರ್ಡಿನದು ಆಕಳಿಸಿ, ಮೈ ಮುರಿದು, ನಿಧಾನ ಏಳುವ ಜಾತಿ.

ಮಳೆಗಾಲ ಮುಗಿಯುವುದರೊಳಗೆ ಇಬ್ಬರಲ್ಲಿ ಒಬ್ಬರ ಕಾರ್ಡು ಆರಿಸಿ ಎಲ್ಲ ಡಬ್ಬಿಗೂ ಅದನ್ನೇ ಹಾಕುವುದು ಎಂದು ಮಾಲಕರು ಹೇಳಿದ್ದರು. ಭಾಲ್ಕಿ ಕಡೆಯ ಹಳ್ಳಿಗಳು ನನಗೆ, ಔರಾದ್ ಕಡೆಯವು ಅವನಿಗೆ. ಅಂಗಡಿಯಲ್ಲಿ ಎರಡೇ ಟೇಬಲ್ ಇದ್ದಾಗಿನಿಂದ ನಾನಿದ್ದೇನೆ. ಅವನಿಗೆ ಬೆಸುಗೆ ಹಾಕಲು ಕಲಿಸಿದವನೂ ನಾನೇ. ಆರಿಸುವುದೇನಿದೆ ಅದರಲ್ಲಿ ಎಂದುಕೊಂಡಿದ್ದೆ. ಆದರೂ ಅವನು ಔರಾದಿನಿಂದ ನಗುತ್ತ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ರೊಟ್ಟಿಯ ಗಂಟನ್ನು ಚೀಲದಲ್ಲಿಟ್ಟುಕೊಂಡು ತಕ್ಕಡಿಯ ತಟ್ಟೆ ಬದಲಿಸಿದೆ. ಪಾಳಿ ಮುಂದೆ ಸರಿಯಿತು. ನಡುವೆ ಕರೆಂಟು ಹೋಯಿತು, ಬಂತು. ಪರದೆ ಕಪ್ಪಗೇ ಇತ್ತು. ಅಷ್ಟರಲ್ಲಿ ಡಬ್ಬಿ ಮಾತಾಡಿತು:

"ತಡೀರಿ ಅಕ್ಕಾ, ಏಳ್ಲಕತ್ತೇನಿ. ಬಟನ್ ಮುಟ್ಟಬ್ಯಾಡ್ರಿ. ನೀವೂ ಒಂದ್ ಗಳಿಗಿ ಕೂಡ್ರಿ."

ಹೆಂಗಸರು "ಹೂಂ ತಂಗೀ, ಏಳವ್ವ" ಎಂದು ನಗುತ್ತ ಕಟ್ಟೆಯ ಮೇಲೆ ಕೂತರು. ನಾನು ಮಾತ್ರ ನಿಂತೇ ಇದ್ದೆ. ಅದು ನನ್ನ ಹೆಂಡತಿಯ ದನಿ.

ಬೀದರಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಏನಿತ್ತೋ ನೋಡಲಿಲ್ಲ. ತೊಡೆಯ ಮೇಲಿದ್ದ ಚೀಲದಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಆ ಗಂಟು ಅವನ ಮನೆಗೆ ಮುಟ್ಟಿಸಿದೆ, ಒಳಗೆ ಮಾತ್ರ ಹೋಗಲಿಲ್ಲ. ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ:

"ಆ ಡಬ್ಬಿಗೆ ದನಿ ಯಾವಾಗ ಕೊಟ್ಟಿದ್ದಿ?"

ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. "ಅಂವ ನಿಮ್ಮ ಮುಂದೇ ಕೇಳಿದ್ನಲ್ರಿ. 'ವೈನಿ, ಪುಸ್ತಕದಾಗಿನ ಮಾತು ಬ್ಯಾಡ, ನೀವು ಮನ್ಯಾಗ ಆಡೂ ಮಾತೇ ಆಡ್ರಿ' ಅಂದ. ಅಡಗಿ ಮನ್ಯಾಗ ನಿಂತು ಫೋನಿನ್ಯಾಗ ಮಾತಾಡಿದೆ."

"ನಾ ಎಲ್ಲಿದ್ದೆ?"

"ಇಲ್ಲೇ ಕುಂತಿದ್ರಿ, ಬೋರ್ಡಿನ್ಯಾಗ ಮೂಗು ಇಟ್ಕೊಂಡು. ಕೇಳಿದ್ರ ಹೂಂ ಅಂದ್ರಿ."

"ಮಂದಿ ಎಲ್ಲಾ ನಿನ್ನ ದನಿ ಕೇಳ್ಲಕತ್ತಾರ."

"ಕೇಳ್ಲಿ ಬಿಡ್ರಿ. ಅವರಾದ್ರೂ ಕೇಳ್ತಾರಲ್ಲ," ಎಂದು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. "ಒಂದ್ ಗಳಿಗಿ ಕೂಡ್ರಿ, ಚಾ ಇಡ್ತೇನಿ."

ನಾನು ಕೂರಲಿಲ್ಲ, ಬೋರ್ಡಿನ ಕಡೆ ನಡೆದೆ. ನಾಲ್ಕು ಹೆಜ್ಜೆ ಹೋದ ಮೇಲೆ ಆ ಮಾತು ಬೆಳಿಗ್ಗೆಯಷ್ಟೇ ಕೇಳಿದ್ದೆನಲ್ಲ ಎಂದು ಹೊಳೆಯಿತು. ದಿನಾ ಸಂಜೆ ನನಗೆ ಹೇಳುವ ಮಾತನ್ನೇ ಅವಳು ಡಬ್ಬಿಗೂ ಕೊಟ್ಟಿದ್ದಳು. ಔರಾದಿನ ಹೆಂಗಸರು ಕೂತಿದ್ದರು. ನನಗೆ ಅವನ ಮೇಲೆ ಇದ್ದ ಕಿಚ್ಚು ಆ ಹೆಂಗಸರ ಮೇಲೆ, ಆ ಡಬ್ಬಿಯ ಮೇಲೆ, ಎಲ್ಲದರ ಮೇಲೂ ಹರಡಿತು.

ಮರುವಾರ ಖಟಕ ಚಿಂಚೋಳಿಯಿಂದ ಫೋನು. ನನ್ನ ಡಬ್ಬಿ ಏಳುತ್ತಿಲ್ಲ. ಹೋಗಿ ಹೊಸ ಕಾರ್ಡು ಹಾಕಿ ಬಂದೆ. ಕೆಲವು ದಿನಕ್ಕೆ ಭಾಲ್ಕಿ ಕಡೆಯ ಇನ್ನೊಂದು ಊರಿನಿಂದ, ಆಮೇಲೆ ಮತ್ತೆ ಖಟಕ ಚಿಂಚೋಳಿಯಿಂದಲೇ ಫೋನು. ಈ ಸಲ ಬೆಳಿಗ್ಗೆ ಪಾಳಿಯ ಹೊತ್ತಿಗೇ ಹೋಗಿ ಮೂಲೆಯಲ್ಲಿ ನಿಂತು ನೋಡಿದೆ. ಕರೆಂಟು ಹೋಗಿ ಬಂತು. ಪರದೆ ಕಪ್ಪು. ಹಾಲು ಅಳೆಯುವವನು ಒಂದು ಉಸಿರೂ ಕಾಯದೆ ಬಟನ್ ಆರಿಸಿದ, ಹಚ್ಚಿದ, ಮತ್ತೆ ಆರಿಸಿದ. ಹಳೆಯ ಟಿ.ವಿ.ಗೆ ತಲೆಯ ಮೇಲೆ ಬಡಿಯುವ ಹಾಗೆ ಡಬ್ಬಿಗೊಂದು ಏಟೂ ಕೊಟ್ಟ. ಡಬ್ಬಿ ಏಳುವಾಗ ಕಾರ್ಡಿಗೆ ಬರೆಯುತ್ತಿರುತ್ತದೆ, ಆಗ ಕರೆಂಟು ತೆಗೆದರೆ ಒಳಗೆ ಬರೆದದ್ದು ಕೆಡುತ್ತದೆ.

"ಯಾಕ್ರಿ ಆರಿಸಿದ್ರಿ? ಏಳ್ಲಕತ್ತಿತ್ತಲ್ಲ?"

"ಏಳ್ಲಕತ್ತದಂತ ನಮಗ್ಹ್ಯಾಂಗ ತಿಳೀಬೇಕ್ರಿ? ಬಾಯಿಲ್ಲ ಏನಿಲ್ಲ. ಔರಾದ್ ಕಡೀದು ಹೇಳ್ತದಂತ."

ಕಾರ್ಡು ಆರಿಸುವ ದಿನ ಮಾಲಕರ ಮುಂದೆ ಸುಳ್ಳು ಹೇಳಲು ಜಾಗವಿರಲಿಲ್ಲ. ಕೆಟ್ಟ ಕಾರ್ಡುಗಳೆಲ್ಲ ನನ್ನವೇ. ಅವನ ಒಂದು ಕಾರ್ಡೂ ಕೆಟ್ಟಿರಲಿಲ್ಲ. ಜ್ವರ ಬಿಟ್ಟು ಬಂದಿದ್ದ ಅವನು ನನ್ನ ಮುಖ ನೋಡಿ, "ಅಣ್ಣಾ, ನಂದು ಕೋಣ ಎದ್ದಂಗ ಏಳ್ತದ. ಅದನ್ನ ಮುಚ್ಚಾಕ ವೈನಿ ದನಿ ಹಾಕ್ದೆ ಅಷ್ಟೇ," ಎಂದ. ಸಮಾಧಾನಕ್ಕೆ ಹೇಳಿದ್ದು. ಆ ಸಮಾಧಾನ ನನಗೆ ಸೋಲಿಗಿಂತ ಕಹಿಯಾಯಿತು.

"ದನಿ ಇದ್ದ ಕಾರ್ಡೇ ಹೋಗ್ಲಿ ಎಲ್ಲಾ ಕಡಿ," ಎಂದರು ಮಾಲಕರು. ನನ್ನ ಕಡೆ ತಿರುಗಿ, "ಜಲ್ದಿ ಏಳೂ ನಿಮ್ಮ ಲಿನಕ್ಸ್ ಅದರ ಕೆಳಗ ಕೂಡಿಸ್ಲಕ್ಕ ಬರ್ತದೇನು ನೋಡ್ರಿ."

ನಾನೇ ಹಸನು ಮಾಡಿ ಹೊರಗೆ ಚೆಲ್ಲಿದ್ದ ಸದ್ದನ್ನು ನಾನೇ ಮತ್ತೆ ಆರಿಸಿ ಒಳಗೆ ಹಾಕಿದೆ. ಹಚ್ಚಿ ನೋಡಿದರೆ ಹೊಸ ತೊಂದರೆ. "ತಡೀರಿ ಅಕ್ಕಾ, ಏಳ್ಲಕತ್ತೇನಿ. ಬಟನ್..." ಎನ್ನುವಷ್ಟರಲ್ಲಿ ನನ್ನ ಲಿನಕ್ಸ್ ಎದ್ದು ಪೀಂ ಎಂದು ಮಾತು ತುಂಡರಿಸುತ್ತಿತ್ತು.

"ಇಷ್ಟ ಸಾಕಲ್ಲಣ್ಣಾ," ಎಂದ ಅವನು. "ಡಬ್ಬಿ ಎದ್ದ ಮ್ಯಾಲೆ ಕೂಡೂದು ಯಾಕ ಅವರು? 'ಕೂಡ್ರಿ' ಅನ್ನೂದು ಕತ್ತರಿಸಿ ಬಿಡೂಣು."

"ಕತ್ತರಿಸಬ್ಯಾಡ."

ನನ್ನ ದನಿ ಜೋರಾಗಿತ್ತೇನೋ, ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. ಎಷ್ಟೋ ಸಂಜೆ ಕೂತು ಒಂದೊಂದು ಕ್ಷಣ ಉಳಿಸಿದ್ದ ಕಾರ್ಡಿಗೆ, ಮಾತು ಪೂರ್ತಿ ಮುಗಿಯುವವರೆಗೆ ನಿಲ್ಲು ಎಂದು ಒಂದು ಸಾಲು ಬರೆದೆ. ಮಾಲಕರಿಗೆ ಅದನ್ನು ಹೇಳಿಲ್ಲ. ಅವನೂ ಹೇಳಿಲ್ಲ.

ಈಗ ಭಾಲ್ಕಿ, ಔರಾದ್, ಜನವಾಡ ಎಲ್ಲ ಕಡೆ ಆ ಕಾರ್ಡೇ. ಔರಾದ್ ಕಡೆ ಹೋದಲ್ಲೆಲ್ಲ ಜನ ಇವತ್ತಿಗೂ "ಆ ತಮ್ಮ ಬರ್ಲಿಲ್ಲೇನ್ರಿ?" ಎಂದೇ ಕೇಳುತ್ತಾರೆ. ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಬಟನ್ ಹಚ್ಚುತ್ತೇನೆ. ನನ್ನ ಹೆಂಡತಿ ಊರವರಿಗೆಲ್ಲ ಕೂಡ್ರಿ ಎನ್ನುತ್ತಾಳೆ. ಅವರಿಗಿಂತ ಮೊದಲು, ಖಾಲಿ ಕ್ಯಾನೊಂದನ್ನು ಎಳೆದುಕೊಂಡು ನಾನೇ ಕೂತುಬಿಡುತ್ತೇನೆ.