ಶಾಹೀನಳ ಪಕ್ಕದ ಕುರ್ಚಿ

ಕಳೆದ ಭಾನುವಾರ ಮಗಳು ಅಡುಗೆಮನೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದಳು. ನಾನು ದೇವರ ಮುಂದೆ ಕುಳಿತು ಅಷ್ಟೋತ್ತರದ ನಡುವಿನಲ್ಲಿದ್ದೆ. ಆ ವಾಸನೆ... ತುಸು ಕಹಿ, ತುಸು ಹೊಗೆ, ಎಣ್ಣೆಯ ಜಿಡ್ಡು ಬೆರೆತದ್ದು... ಬಾಗಿಲು ದಾಟಿ ಒಳಗೆ ಬಂದಿತು. ನಾಲಿಗೆ ನಾಮಾವಳಿಯಲ್ಲೇ ಇತ್ತು; ಮನಸ್ಸು ಮಾತ್ರ ಎರಡು ಬೀದಿ ಆಚೆಗಿನ ಒಂದು ಮನೆಗೆ ಹೋಗಿಬಿಟ್ಟಿತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹಿಂದೆ ಅಲ್ಲಿದ್ದ ಹಿರಿಯರು ಈ ಕಾಳನ್ನು ಗುರೆಳ್ಳು ಎನ್ನುತ್ತಿದ್ದರು. ಅದರ ಚಟ್ನಿಪುಡಿಯನ್ನು ಖಡಕ್ ಜೋಳದ ರೊಟ್ಟಿಯ ಮೇಲೆ ಹರವಿ, ಮೇಲೊಂದಿಷ್ಟು ಮೊಸರು ಸುರಿದು ಕೊಟ್ಟು, ನನ್ನ ಶಿಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನನ್ನಿಂದ ಕಸಿದುಕೊಂಡರು. ಕಸಿದುಕೊಂಡರು ಎಂಬ ಪದವನ್ನು ಯೋಚಿಸಿಯೇ ಬರೆದಿದ್ದೇನೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು. ಡಲ್ಲಾಸಿನ ಹೊರವಲಯದ ಮರ್ಫಿಯಲ್ಲಿ ಮಗಳ ಮನೆ ಸೇರಿದ ಮೇಲೆಯೂ ಪಾಠ ಬಿಡಲಾಗಲಿಲ್ಲ. ಭಾನುವಾರದ ಪೂಜೆ ಮುಗಿದೊಡನೆ ಮುಂದಿನ ಕೋಣೆಯಲ್ಲಿ ಜಮಖಾನ ಹಾಸುತ್ತಿದ್ದೆ. ಸುತ್ತಮುತ್ತಲ ವಿಶ್ವವಿದ್ಯಾಲಯಗಳಲ್ಲಿ ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಬಂದು ಕುಳಿತು ಹಳೆಯ ಕಾವ್ಯಗಳನ್ನು ಓದುತ್ತಿದ್ದರು. ಪಾಠದ ಅನಂತರ ನನ್ನ ಹೆಂಡತಿಯ ಪುಳಿಯೋಗರೆ. ಅವರು ಬರುತ್ತಿದ್ದುದು ಕಾವ್ಯಕ್ಕೋ ಪುಳಿಯೋಗರೆಗೋ ಎಂದು ನಾನು ವಿಚಾರಿಸಲಿಲ್ಲ. ಸರಸ್ವತಿಯ ಸನ್ನಿಧಿಗೆ ಅಡುಗೆಮನೆಯ ಬಾಗಿಲಿನಿಂದ ಬಂದರೂ ಬಂದಂತೆಯೇ ಎಂದುಕೊಂಡಿದ್ದೆ.

ಹೀಗಿರುವಾಗ ಆ ಗುರೆಳ್ಳಿನ ಹಿರಿಯರು ಬಂದರು. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಆಯುಷ್ಯವೆಲ್ಲ ಬೇರೆಯವರ ಸುದ್ದಿಗಳನ್ನು ತಿದ್ದಿ, ಕೊನೆಗೆ ಮಗನ ಮನೆಗೆ ಬಂದವರು. ಬಿಸಿಲಿಗೆ ಕೊಡೆ ಹಿಡಿದು ಮರ್ಫಿಯ ಬೀದಿಗಳಲ್ಲಿ ನಡೆಯುತ್ತಿದ್ದವರು ಅವರೊಬ್ಬರೇ. ಕಾರಿನಲ್ಲಿ ಹೋಗುವವರು ಏನಾದರೂ ತೊಂದರೆಯೇ ಎಂದು ನಿಲ್ಲಿಸಿ ಕೇಳುತ್ತಿದ್ದರು. ಬೆಳಿಗ್ಗೆ ಒಂದು ಊದುಬತ್ತಿ ಹಚ್ಚಿದರೆ ಅವರ ಅನುಷ್ಠಾನ ಮುಗಿಯಿತು. ವಿದ್ಯಾರ್ಥಿ ದೆಸೆಯಲ್ಲಿ ಯಾವುದೋ ಚಳವಳಿಗೆ ಹೋಗಿ ಲಾಠಿಯ ಏಟು ತಿಂದದ್ದನ್ನು, ಇತರರು ತೀರ್ಥಯಾತ್ರೆಯನ್ನು ಬಣ್ಣಿಸುವಂತೆ ಬಣ್ಣಿಸುತ್ತಿದ್ದರು. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ನನ್ನ ಸಮಾಸಗಳಿಗೆ ಯಾರ ಕಣ್ಣೂ ಹಾಗೆ ಅರಳಿದ್ದಿಲ್ಲ.

ಈ ಊರಿನಲ್ಲಿ ತಲೆ ನರೆತ ಗಂಡಸರೆಲ್ಲ ಅಂಕಲ್. ನಾನೂ ಅಂಕಲ್. ಅವರನ್ನು ಮಾತ್ರ ಮಕ್ಕಳು ಕಾಕಾ ಎಂದರು. ನನ್ನನ್ನು ಗುರುಗಳೇ ಎಂದು ಕರೆಯಿರೆಂದು ನಾನೇ ಹೇಳಿಕೊಡುವುದು ಸಭ್ಯತೆಯಲ್ಲ. ಆದ್ದರಿಂದ ಕಾದೆ. ಯಾರೂ ಕರೆಯಲಿಲ್ಲ... ಕ್ರಮೇಣ ಜಮಖಾನದ ಮೇಲೆ ಜಾಗ ಉಳಿಯತೊಡಗಿತು. ಒಂದು ಭಾನುವಾರ ನಾನು ಕಿಟಕಿಯ ಬಳಿ ನಿಂತು ಬೀದಿ ನೋಡುತ್ತಿದ್ದಾಗ ನನ್ನ ಹೆಂಡತಿ ಎಂದಳು: "ಊಟ ಮುಗಿಸಿ ಬರ್ತಾರೆ ಬಿಡಿ. ನಿಮ್ಮ ಮುಖ ನೋಡಿದ್ರೆ ಹಸಿವಲ್ಲ ಅದು, ಹೊಟ್ಟೆ ಉರಿ. ಒಂದು ಲೋಟ ಮಜ್ಜಿಗೆ ಕುಡೀರಿ."

ಉಳಿದವರು ಹೋದದ್ದನ್ನು ಸಹಿಸಬಹುದಾಗಿತ್ತು. ಶಾಹೀನ್ ಹೋದದ್ದನ್ನು ಸಹಿಸಲಾಗಲಿಲ್ಲ. ಆಕೆ ವಿಜಯಪುರದ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿ ಪತ್ರಿಕೋದ್ಯಮದ ಉನ್ನತ ಪದವಿಗಾಗಿ ಬಂದವಳು. ಷಟ್ಪದಿಯನ್ನು ರಾಗವಾಗಿ ಓದಿದಳೆಂದರೆ ಪದಗಳು ತಾವಾಗಿ ಬಿಡಿಸಿಕೊಂಡು ಅರ್ಥ ಹೇಳುತ್ತಿದ್ದವು. ಇಷ್ಟು ವರ್ಷದ ಅಧ್ಯಾಪನದಲ್ಲಿ ಅಂಥ ಕಂಠ ನನಗೆ ದೊರೆತದ್ದು ಅದೊಂದೇ. ನನ್ನೊಡನೆ ಆಕೆ ಎಚ್ಚರದಿಂದ, ಮೈಸೂರಿನವರಂತೆ ಮಾತನಾಡುತ್ತಿದ್ದಳು. ಅವರನ್ನು ಕಂಡ ಮೊದಲ ದಿನವೇ "ಕಾಕಾ, ಆರಾಮದೀರೇನ್ರಿ?" ಎಂದುಬಿಟ್ಟಳು. ಆ ಕಂಠದಲ್ಲಿ ಅಷ್ಟೊಂದು ಸಲಿಗೆ ಇತ್ತೆಂಬುದು ನನಗೆ ಆವರೆಗೆ ತಿಳಿದೇ ಇರಲಿಲ್ಲ.

ಶಾಹೀನ್ ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ವರದಿಗಾರ್ತಿ. ಆಡಳಿತದ ಸುದ್ದಿಗಳು ಅವಳ ಪಾಲು. ಆ ವರ್ಷ ಆಡಳಿತದವರು, ಕೆಳ ತರಗತಿಗಳಿಗೆ ಪಾಠ ಹೇಳುವ ಸಂಶೋಧನಾ ವಿದ್ಯಾರ್ಥಿಗಳ ಆರೋಗ್ಯವಿಮೆಯನ್ನು ಮೊಟಕುಗೊಳಿಸಲು ಹೊರಟರು. ಅದರ ಬೆನ್ನು ಹತ್ತಿ ಅವಳು ತಿಂಗಳುಗಟ್ಟಲೆ ಬರೆದಳು. ಬಳಿಕ ವಿದ್ಯಾರ್ಥಿಗಳು ಬಸ್ಸು ಮಾಡಿಕೊಂಡು ರಾಜ್ಯದ ರಾಜಧಾನಿ ಆಸ್ಟಿನ್ನಿಗೆ ಹೋಗಿ ಶಾಸನಭವನದ ಮುಂದೆ ಮೆರವಣಿಗೆ ನಡೆಸಿದಾಗ, ಇವಳೂ ಫಲಕ ಹಿಡಿದು ನಡೆದಳು. ಯಾರೋ ತೆಗೆದ ಫೋಟೊ ಫೋನಿನಿಂದ ಫೋನಿಗೆ ಹೋಗಿ ಪತ್ರಿಕೆಯ ಮಂಡಳಿಯನ್ನು ಮುಟ್ಟಿತು. ಮಂಡಳಿ ಎರಡು ದಾರಿ ತೋರಿಸಿತು. ಇನ್ನು ಮುಂದೆ ಯಾವ ರಾಜಕೀಯ ಚಟುವಟಿಕೆಯಲ್ಲೂ ಪಾಲ್ಗೊಳ್ಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು; ಇಲ್ಲವೇ ಪತ್ರಿಕೆಯನ್ನು ಬಿಡಬೇಕು. ಅದಕ್ಕೆ ಮುಂಚೆ ವಿಚಾರಣೆ ನಡೆಯುತ್ತದೆ. ಹಿತೈಷಿಯೊಬ್ಬರನ್ನು ಜೊತೆಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು.

ಆ ಭಾನುವಾರ ಆಕೆ ನನ್ನ ಮನೆಗೇ ಬಂದಳು. ದುರದೃಷ್ಟಕ್ಕೆ ಅವರೂ ಪುಳಿಯೋಗರೆ ತಿನ್ನುತ್ತ ಕುಳಿತಿದ್ದರು.

"ನಾನು ಮೊದಲು ಸ್ಟೂಡೆಂಟ್ ಅಂಕಲ್, ಆಮೇಲೆ ರಿಪೋರ್ಟರ್," ಎಂದಳು. "ಸೈನ್ ಮಾಡಿದರೆ ಇನ್ನು ಯಾವುದಕ್ಕೂ ಬಾಯಿ ತೆಗೆಯೋ ಹಾಗಿಲ್ಲ. ಮಾಡದಿದ್ದರೆ ಪೇಪರ್ ಹೋಗುತ್ತೆ. ಪೇಪರ್ ಬಿಟ್ಟು ನಾನೇನು ಮಾಡಲಿ?"

ನಾನು ನಿಧಾನವಾಗಿ ಹೇಳಿದೆ. ವಾಕ್ಯಾರ್ಥ ಸಭೆಯಲ್ಲಿ ಇಬ್ಬರು ಪಂಡಿತರು ವಾದಿಸುವಾಗ ನಡುವೆ ಮಧ್ಯಸ್ಥನೊಬ್ಬ ಕೂರುತ್ತಾನೆ. ಅವನ ಮನಸ್ಸಿನಲ್ಲಿ ಏನೇ ಇರಲಿ, ಪಕ್ಷ ಹಿಡಿಯುವಂತಿಲ್ಲ. ಪತ್ರಕರ್ತನ ಪೀಠವೂ ಅಂಥದ್ದೇ. ನೀನು ವೀಸಾದ ಮೇಲೆ ಬಂದಿರುವವಳು ಎಂಬುದನ್ನೂ ಮರೆಯಬೇಡ, ಎಂದೆ.

ಅವರು ಕೈ ತೊಳೆದು ಬಂದರು. "ಆ ಮಧ್ಯಸ್ಥಗ ಮನೀ ಮಠ ಇರಂಗಿಲ್ಲೇನ್ರಿ ಪಂಡಿತರ? ಊರಾಗ ಜ್ವರಾ ಬಂದ್ರ ಅವಗೂ ಬರತೈತಿ. ಆಕಿ ಗೆಳತ್ಯಾರ ವಿಮಾ ಹೋದ್ರ ಆಕಿಗೆ ನೋವಾಗಬಾರದೇನು?" ಹುಡುಗಿಯ ಮುಖ ಅರಳಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಆದ್ರ ಶಾಹೀನವ್ವ, ನಡದಾಕಿ ನೀನ, ಬರದಾಕಿನೂ ನೀನ ಅಂದ್ರ ಓದೋರು ನಂಬೋದು ಹೆಂಗ? ಅವರು ಕೇಳೂದ್ರಾಗೂ ಖರೇ ಐತಿ. ಇದಕ್ಕ ಉತ್ತರಾ ನನಗೂ ಸಿಗವಲ್ದು." ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಂಡವರ ಕಡೆಗೇ ಆಕೆ ತಿರುಗಿ ಕುಳಿತದ್ದನ್ನು ನಾನು ಗಮನಿಸಿದೆ.

ಅದೇ ವಾರ ಮೈಸೂರಿನಿಂದ ಸುದ್ದಿ ಬಂತು. ನಮ್ಮ ಚಿಕ್ಕಪ್ಪನ ಮಗ ತೀರಿಕೊಂಡಿದ್ದ. ಶನಿವಾರ ಆ ಹುಬ್ಬಳ್ಳಿಯವರ ಮನೆಯಲ್ಲಿ, ಅವರ ಸೊಸೆಯ ಅಪೇಕ್ಷೆಯಂತೆ, ಸತ್ಯನಾರಾಯಣ ಪೂಜೆ ಮಾಡಿಸುವುದನ್ನು ನಾನು ಒಪ್ಪಿಕೊಂಡಿದ್ದೆ. ಬರಲಾಗುವುದಿಲ್ಲವೆಂದು ಫೋನಿನಲ್ಲಿ ತಿಳಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಕೊಡೆ ಹಿಡಿದು ಅವರೇ ಬಂದರು. ನಮ್ಮ ಮನೆಯ ಮುಂದಿನ ಓಕ್ ಮರದ ಕೆಳಗೆ ನಾನೊಂದು ಕುರ್ಚಿಯಲ್ಲಿ, ಅವರೊಂದು ಕುರ್ಚಿಯಲ್ಲಿ, ನಡುವೆ ಅಂತರ ಬಿಟ್ಟು ಕುಳಿತೆವು. ತೀರಿಕೊಂಡವನ ಬಗ್ಗೆ ಆದರದಿಂದ ವಿಚಾರಿಸಿದರು. ಆಮೇಲೆ ಪತ್ರಕರ್ತನ ಬುದ್ಧಿ ತಲೆಯೆತ್ತಿತು.

"ಪೂಜಾ ಯಾಕ ಮಾಡಂಗಿಲ್ರಿ? ಏನರ ತಪ್ಪು ಮಾಡೀರೇನು?"

"ತಪ್ಪೇನು ಬಂತು? ಸತ್ತವನು ದಾಯಾದಿ, ಸಂಬಂಧ ಇದೆ. ಅದಕ್ಕೆ ಸೂತಕ."

"ಹಂಗಾರ ನಿಮ್ಮ ಪೂಜಾ ಮಾಡೋ ಅಧಿಕಾರ ಹೋತೇನು?"

"ಯಾಕೆ ಹೋಗುತ್ತೆ? ಹತ್ತು ದಿನ ಕಳೆದ ಮೇಲೆ ಸ್ನಾನ ಮಾಡಿ ಮತ್ತೆ ಮಾಡ್ತೀನಿ."

"ಅಲ್ಲೀತನಕ ದೇವರು?"

"ಬೇರೆ ಯಾರಾದರೂ ಮಾಡ್ತಾರೆ. ದೇವರಿಗೆ ಪೂಜೆ ನಿಲ್ಲೋದಿಲ್ಲ. ನಾನು ಪಕ್ಕಕ್ಕೆ ಸರೀತೀನಿ, ಅಷ್ಟೆ."

 ಅವರು ತೊಡೆ ತಟ್ಟಿಕೊಂಡು ನಕ್ಕರು. "ಸಿಕ್ತು ನೋಡ್ರಿ! ಸಂಬಂಧ ಇರೋದು ತಪ್ಪಲ್ಲ. ಸಂಬಂಧ ಇದ್ದಾಗ ಗುಡಿಯೊಳಗ ಹೋಗೂದಷ್ಟ ತಪ್ಪು. ಹುಡುಗೀಗೂ ಸೂತಕಾನ ಆಗೇತಿ!"

ಆಶೌಚದ, ಎಂದರೆ ಈ ಸೂತಕದ, ನಿರ್ಣಯವನ್ನು ನಾನು ಮೂಲದಲ್ಲಿ ಓದಿದವನು, ಪಾಠ ಹೇಳಿದವನು, ತಂದೆ ತಾಯಿಯರ ಕಾಲದಲ್ಲಿ ನಿಷ್ಠೆಯಿಂದ ಆಚರಿಸಿದವನು. ಆ ವಿಚಾರ ನನ್ನ ಮನೆಯಲ್ಲೇ, ನನ್ನ ಕುರ್ಚಿಯಲ್ಲೇ ಕುಳಿತಿತ್ತು. ಅದು ಕಂಡದ್ದು ಮಾತ್ರ ದಿನಕ್ಕೊಂದು ಊದುಬತ್ತಿ ಹಚ್ಚುವವರಿಗೆ... ಭಗವಂತನು ಯಾರಿಗೆ ಏನನ್ನು ಕಾಣಿಸುತ್ತಾನೋ, ಅದರ ಲೆಕ್ಕ ನಮಗೆ ಸಿಗುವುದಿಲ್ಲ. ಸಿಗದಿದ್ದರೂ ಆ ದಿನ ನಾನು ಕೇಳಿಯೇ ಕೇಳಿದೆ, ನನಗೇಕೆ ಕಾಣಿಸಲಿಲ್ಲ ಎಂದು.

ಮರುದಿನ ಶಾಹೀನ್ ನನಗೆ ಸಾಂತ್ವನ ಹೇಳಲು ಬಂದಾಗ, ಅದೇ ಮರದ ಕೆಳಗೆ ಅವರು ತಮ್ಮ ಸಲಹೆಯನ್ನು ಹೇಳಿದರು. ನಡೆಯುವ ಹಕ್ಕನ್ನು ಬಿಡಬೇಡ, ಸಹಿ ಹಾಕಬೇಡ. ಆದರೆ ವಿಮೆಯ ಸುದ್ದಿಯನ್ನು ನೀನಾಗಿ ಬೇರೆಯವರಿಗೆ ಒಪ್ಪಿಸು. ಹುಡುಗಿಯ ಮುಖ ಕೆಂಪಾಯಿತು.

"ಆ ಸುದ್ದಿ ನಂದ್ರಿ ಕಾಕಾ! ಹಗಲೂ ರಾತ್ರಿ ಅದರ ಹಿಂದ ತಿರುಗೇನಿ. ಬಿಟ್ಟುಕೊಡು ಅಂತ ನೀವ ಅಂತೀರೇನ್ರಿ?"

"ನಾನ ಅನಬೇಕಲ್ಲವ್ವ. ಮೆರವಣಿಗಿನೂ ಬೇಕು, ಸುದ್ದಿನೂ ಬೇಕು ಅಂದ್ರ ಅವರು ಎರಡೂ ಕಸಗೋತಾರ."

ಆಕೆ ಚಪ್ಪಲಿ ಮೆಟ್ಟಿಕೊಂಡು, ಹೋಗಿಬರುತ್ತೇನೆಂದೂ ಹೇಳದೆ ಹೊರಟುಹೋದಳು. ಅವರು ಮುಖ ಬಾಡಿಸಿಕೊಂಡು ಕುಳಿತರು. ನನಗಾದರೋ ಒಳಗೊಳಗೇ ದೀಪ ಹಚ್ಚಿದಂತಾಯಿತು. ಇನ್ನು ಆಕೆ ಜಮಖಾನಕ್ಕೆ ಮರಳುತ್ತಾಳೆ, ವಿಚಾರಣೆಗೆ ನನ್ನನ್ನೇ ಕರೆಯುತ್ತಾಳೆ ಎಂದು ಖಚಿತವಾಗಿ ನಂಬಿದೆ. ಸೂತಕ ಕಳೆದ ಬಳಿಕ ಜರಿಯ ಶಲ್ಯವನ್ನು ಹೆಂಡತಿಯಿಂದ ಇಸ್ತ್ರಿ ಮಾಡಿಸಿದೆ. ಮಧ್ಯಸ್ಥನ ಲಕ್ಷಣವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆಂದು ಅಭ್ಯಾಸ ಮಾಡಿದೆ.

ವಿಚಾರಣೆಯ ಬೆಳಿಗ್ಗೆ ಶಾಹೀನಳ ಸ್ನೇಹಿತೆಯ ಕಾರು ನಮ್ಮ ಬೀದಿಯಲ್ಲೇ ಹೋಯಿತು. ಮುಂದಿನ ಸೀಟಿನಲ್ಲಿ ಅವರು ಕುಳಿತಿದ್ದರು, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು. ನನ್ನನ್ನು ಕಂಡು ಕೈ ಎತ್ತಿದರು. ನಾನೂ ಎತ್ತಿದೆ... ಎತ್ತಲೇಬೇಕಾಗಿತ್ತು.

ಸಂಜೆ ಆಕೆ ಪೇಡೆಯ ಪೊಟ್ಟಣ ಹಿಡಿದು ಓಡಿಬಂದಳು. ಮಂಡಳಿ ಮುಚ್ಚಳಿಕೆಯನ್ನು ಕೈಬಿಟ್ಟಿತ್ತು. ವರದಿಗಾರರು ವಿದ್ಯಾರ್ಥಿಗಳಾಗಿ ಎಲ್ಲಿ ಬೇಕಾದರೂ ನಡೆಯಬಹುದು. ಸಂಪಾದಕರಿಗೆ ಮೊದಲೇ ತಿಳಿಸಬೇಕು. ಆ ವಿಷಯವನ್ನು ಬರೆಯುವಂತಿಲ್ಲ, ತಿದ್ದುವಂತಿಲ್ಲ, ಅದರ ಚಿತ್ರ ಆರಿಸುವಂತಿಲ್ಲ. ವಿಮೆಯ ಸುದ್ದಿ ಬೇರೊಬ್ಬರ ಪಾಲಾಯಿತು. ಅದನ್ನು ಹೇಳುವಾಗ ಅವಳು ಪೇಡೆಯ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಕಾಕಾ ಅಲ್ಲಿ ಏನಂದ್ರು ಗೊತ್ತಾ ಅಂಕಲ್? ಈ ಬುದ್ಧಿ ನಂದಲ್ಲ, ಮರ್ಫಿಯಲ್ಲಿ ಒಬ್ಬರು ಪಂಡಿತರಿದ್ದಾರೆ, ಅವರ ಮನೇದು ಅಂದ್ರು."

ಅದನ್ನು ಕೇಳಿ ಸಮಾಧಾನವಾಗಬೇಕಿತ್ತು. ಔದಾರ್ಯದಲ್ಲೂ ಅವರೇ ಮೇಲಾದರಲ್ಲ ಎಂದು ಮತ್ತಷ್ಟು ಉರಿಯಿತು.

ಮುಂದೆ ಅವರ ಮಗನಿಗೆ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನ ತೈಲ ಕಂಪನಿಯೊಂದರಲ್ಲಿ ಕೆಲಸವಾಗಿ, ಮನೆಯವರೆಲ್ಲ ಅಲ್ಲಿಗೆ ಶಿಫ್ಟ್ ಆದರು. ಯುಗಾದಿಗೆ ಫೋನ್ ಮಾಡುತ್ತಿದ್ದರು. "ಹುಡುಗ್ರು ಈಗರ ನಿಮ್ಮ ಮನೀಗೆ ಬರತಾರಿಲ್ಲೋ ಪಂಡಿತರ?" ಎಂದು ಕೇಳಿ ನಗುತ್ತಿದ್ದರು. ಎಲ್ಲವೂ ಅವರಿಗೆ ಗೊತ್ತಿತ್ತೆಂದು ತೋರುತ್ತದೆ... ಒಂದು ಚಳಿಗಾಲದಲ್ಲಿ ಫೋನ್ ಮಾಡಿದವರು ಅವರಲ್ಲ, ಅವರ ಸೊಸೆ.

ನಾವು ಹ್ಯೂಸ್ಟನ್ನಿಗೆ ಹೋಗಿ ತಲುಪಿದಾಗ ಶಾಹೀನ್ ಆ ಮನೆಯ ಮಗಳಂತೆ ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ಆ ಊರಿನ ಪತ್ರಿಕೆಯೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿದ್ದುದು ನನಗೆ ಗೊತ್ತಿತ್ತು. ಬಿಡುವಾದಾಗಲೆಲ್ಲ ಬಂದು ಅವರ ಜೊತೆ ಊಟ ಮಾಡುತ್ತಿದ್ದುದು ಗೊತ್ತಿರಲಿಲ್ಲ. "ಈಗ ಆಫೀಸಲ್ಲಿ ಸೈನ್ ಹಾಕಿದೀನಿ ಅಂಕಲ್, ಯಾವ ಮೆರವಣಿಗೆಗೂ ಹೋಗಲ್ಲ ಅಂತ," ಎಂದಳು. "ಇದು ಕೆಲಸ, ತಿಳಿದೇ ಒಪ್ಪಿಕೊಂಡೆ. ಆದರೆ ಓದುವಾಗ ನಡೆಯೋದಕ್ಕೆ ಬಿಟ್ಟರಲ್ಲ... ಆ ದಿನಗಳನ್ನ ಕಾಕಾ ನನಗೆ ಉಳಿಸಿಕೊಟ್ಟರು." ತೀರಿಹೋದವರ ಚಿತ್ರಕ್ಕೆ ಹೂವಿಟ್ಟು ಕೈ ಮುಗಿದೆ. ಆಗಲೂ ನನ್ನ ಪ್ರಾರ್ಥನೆಯಲ್ಲಿ ಪೂರ್ಣ ಶುದ್ಧಿಯಿರಲಿಲ್ಲ.

ಮೊನ್ನೆ ಅವಳ ಫೋನ್ ಬಂತು. ವಿದ್ಯಾರ್ಥಿ ಪತ್ರಿಕೆಗೆ ಹೊಸ ಮಂಡಳಿ ಬಂದಿದೆಯಂತೆ. ಹಳೆಯ ಮುಚ್ಚಳಿಕೆಯನ್ನು ಮತ್ತೆ ತರಬೇಕೆನ್ನುತ್ತಿದೆಯಂತೆ. ಈಗಿನ ಮಕ್ಕಳು ದಿಗಿಲುಗೊಂಡಿದ್ದಾರೆ. ಅದರ ಬದಲು ಈಗಿರುವ ನಿಯಮ ಹೇಗೆ ಬಂತೆಂದು ಹೇಳಲು ಶಾಹೀನಳನ್ನು ಕರೆದಿದ್ದಾರೆ. "ಪಕ್ಕದಲ್ಲಿ ಹಿರಿಯರು ಒಬ್ಬರು ಬೇಕು. ಕಾಕಾ ಇಲ್ಲ. ನೀವು ಬರ್ತೀರಾ ಅಂಕಲ್?"

ಆ ಕುರ್ಚಿಗಾಗಿ ನಾನು ಎಷ್ಟು ವರ್ಷ ಉರಿದಿದ್ದೆ! ಬರುತ್ತೇನೆ ಎಂದೆ. ಎಂದ ಮೇಲೆ ಎದೆಯಲ್ಲಿ ಸಂತೋಷವನ್ನು ಹುಡುಕಿದೆ. ಅಲ್ಲಿ ಇದ್ದದ್ದು ಬೇರೆ. ಅಂದು ಅವರು ಆ ಸಭೆಯಲ್ಲಿ ಏನೇನು ಹೇಳಿದರು, ಮೊದಲಿನಿಂದ ಹೇಳು ಎಂದು ಕೇಳಿಕೊಂಡೆ.

ಸೂತಕದ ಮಾತನ್ನೆಲ್ಲ ಹೇಳಿದಳು. "ಅವರಿಗೆ ಮೊದಲು ಅರ್ಥವೇ ಆಗಲಿಲ್ಲ ಅಂಕಲ್. ಎಲ್ಲರೂ ಮುಖ ಬಿಗಿದುಕೊಂಡು ಕೂತಿದ್ದರು. ಆಮೇಲೆ ಕಾಕಾ ತಮ್ಮ ಇಂಗ್ಲಿಷಲ್ಲಿ ಏನೋ ಅಂದ್ರು ನೋಡಿ, ಎಲ್ಲರೂ ನಕ್ಕುಬಿಟ್ರು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ್ರು. ಅಲ್ಲಿಂದಾಚೆಗೆ ಎಲ್ಲ ಸಲೀಸಾಯ್ತು."

"ಏನು ಅಂದರಮ್ಮ?"



"ನೆನಪಾಗ್ತಿಲ್ಲ ಅಂಕಲ್."

ಆಶೌಚದ ವಿಧಿಯನ್ನು ನಾನು ಆ ಮಂಡಳಿಗೆ ಸಾಂಗವಾಗಿ ವಿವರಿಸಬಲ್ಲೆ. ಆದರೆ ಅಪರಿಚಿತರ ಮೇಜಿನ ಮುಂದೆ, ಮುರುಕು ಇಂಗ್ಲಿಷಿನಲ್ಲಿ, ಆ ಬಿಗಿದ ಮುಖಗಳನ್ನು ಅವರು ನಗಿಸಿದ್ದು ಹೇಗೆ... ಕೇಳಿ ತಿಳಿಯೋಣವೆಂದರೆ ಅವರಿಲ್ಲ.