ತೂಬಿನ ಬಾಯಲ್ಲಿ ಚಿಕ್ಕಪ್ಪ

ನೀರಿನೊಳಗೆ ಇಳಿಯುವ ಪುಟ್ಟ ಯಂತ್ರವೊಂದನ್ನು ನಡೆಸುವುದು ನನ್ನ ಕೆಲಸ. ಬಟ್ಟೆ ಬುಟ್ಟಿಯಷ್ಟು ಗಾತ್ರ, ಒಳಗೆ ಮನುಷ್ಯರು ಕೂರುವಂಥದ್ದಲ್ಲ. ಮುಂದೆ ಕ್ಯಾಮೆರಾ, ಎರಡು ದೀಪ; ಹಿಂದೆ ಫ್ಯಾನುಗಳು ಮತ್ತು ಉದ್ದನೆಯ ಕೇಬಲ್ಲು. ನಾನು ದಡದಲ್ಲಿ ಕೂತು ಪರದೆ ನೋಡುತ್ತ ಅದನ್ನು ಅಣೆಕಟ್ಟಿನ ಗೇಟುಗಳ, ಸೇತುವೆಯ ಕಂಬಗಳ ಬುಡಕ್ಕೆ ಓಡಿಸುತ್ತೇನೆ.

ಎರಡು ವರ್ಷದ ಕೆಳಗೆ ಅದನ್ನು ಅಜ್ಜಂಪುರದ ಹತ್ತಿರ ನಾನು ಹುಟ್ಟಿದ ಊರಿನ ಕೆರೆಗೇ ಒಯ್ಯಬೇಕಾಯಿತು. ಏರಿಯ ಅಡಿಯಿಂದ ನೀರು ಬಿಡುವ ತೂಬಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು, ಕೆರೆ ಸುಮ್ಮನೆ ಖಾಲಿಯಾಗುತ್ತಿತ್ತು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಮುಳುಗಿ ಕಸ ಬಿಡಿಸುತ್ತಿದ್ದವರು ನನ್ನ ಚಿಕ್ಕಪ್ಪ. ಅವರಿಗೆ ಅರವತ್ತು ದಾಟಿತ್ತು. ಈ ಸಲ ಇಳಿಯಬೇಡಿ ಎಂದು ನಾನೇ ಹಟ ಹಿಡಿದಿದ್ದೆ.

ಅವರು ಯಂತ್ರವನ್ನು ತಿರುಗಿಸಿ ನೋಡಿ, "ಇದ್ಕೆ ಕೈಯೇ ಇಲ್ವಲ್ಲ ಮಗಾ, ಕಸ ಹೆಂಗ್ ಕೀಳ್ತದೆ?" ಎಂದರು.

"ಕೀಳಲ್ಲ ಚಿಕ್ಕಪ್ಪ. ಏನ್ ಸಿಕ್ಕಾಕ್ಕೊಂಡಿದೆ ಅಂತ ನೋಡ್ತದೆ, ಅಷ್ಟೇ."

ಕೆಂಪು ನೀರಿನಲ್ಲಿ ಮೊಳ ದೂರವೂ ಕಾಣುತ್ತಿರಲಿಲ್ಲ. ತೂಬಿನ ಹತ್ತಿರ ಬರುತ್ತಿದ್ದಂತೆ ಒಂದು ದಿಮ್ಮಿ, ಅದಕ್ಕೆ ಸುತ್ತಿಕೊಂಡ ಹರಿದ ಮೀನಿನ ಬಲೆ ಕಂಡವು. ಹಿಂದಕ್ಕೆ ತಿರುಗಿಸುವಷ್ಟರಲ್ಲಿ ನೀರಿನ ಸೆಳೆತ ಯಂತ್ರವನ್ನು ಬಲೆಗೆ ನೂಕಿತು. ಫ್ಯಾನು ನಿಂತಿತು. ಕೇಬಲ್ಲು ಎಳೆದೆ, ಅಲುಗಲಿಲ್ಲ.

ತಲೆಯೆತ್ತಿದಾಗ ಏರಿಯ ಮೇಲೆ ಚಿಕ್ಕಪ್ಪನ ಅಂಗಿ ಮಾತ್ರ ಇತ್ತು.

ಅವರು ನೀರಿಗೆ ಇಳಿದಾಗಿತ್ತು. ಅರ್ಧ ತೆರೆದ ತೂಬಿನ ಬಾಗಿಲಿನ ಸಂದಿಗೆ ನೀರು ನುಗ್ಗುವಾಗ ಕೈಯೋ ಎದೆಯೋ ಅಡ್ಡ ಸಿಕ್ಕರೆ ಮತ್ತೆ ಬಿಡಿಸಿಕೊಳ್ಳಲಾಗುವುದಿಲ್ಲ. ಕೂಗಿದರೆ ಅವರಿಗೆ ಕೇಳುವುದಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಅವರ ಕೈ ಬಂತು, ದೀಪದ ಬೆಳಕಿನಲ್ಲಿ ಬಲೆ ಬಿಡಿಸುತ್ತ, ಸಂದಿಯತ್ತ ಜರುಗುತ್ತ.

ನಾನು ದೀಪ ಆರಿಸಿಬಿಟ್ಟೆ.

ಕಾಣದಿದ್ದರೆ ಮೇಲೆ ಬಂದಾರು ಎಂಬುದೊಂದೇ ಆಸೆ. ಪರದೆಯೂ ಕಪ್ಪಾಯಿತು. ಕತ್ತಲಲ್ಲಿ ಅವರು ಸಂದಿಯ ಕಡೆಗೇ ತಡವರಿಸಿದರೆ? ಮತ್ತೆ ಹಚ್ಚಲೇ? ಬೆರಳು ಗುಂಡಿಯ ಮೇಲೇ ಇತ್ತು. ಎಷ್ಟು ಹೊತ್ತೋ ತಿಳಿಯದು.

ದೂರದಲ್ಲಿ ತಲೆಯೊಂದು ಮೇಲೆದ್ದಿತು. "ದೀಪ ಯಾಕೆ ಆರಿಸ್ದೆ? ಇನ್ನೊಂಚೂರು ಬಿಟ್ಟಿದ್ರೆ ಬಿಡಿಸ್ಬಿಡ್ತಿದ್ದೆ ಕಣೇ!"

ಅವರನ್ನು ದಡಕ್ಕೆ ಕರೆದೆ. ದಾಖಲಾಗಿದ್ದ ದೃಶ್ಯ ತೋರಿಸಿದೆ. ಪಾಚಿಯ ಎಳೆಗಳೆಲ್ಲ ಒಂದೇ ಕಡೆಗೆ ನೆಟ್ಟಗೆ ಎಳೆದುಕೊಂಡಿದ್ದವು. ಅವರ ಬೆರಳಿಗೂ ಸಂದಿಗೂ ನಡುವೆ ಗೇಣು ಜಾಗವಿರಲಿಲ್ಲ.

"ಇಷ್ಟು ಹತ್ರ ಇದ್ನಾ?" ಎಂದು ಚಿಕ್ಕಪ್ಪ ಅಲ್ಲೇ ಕೂತರು.

ಆಮೇಲೆ ಊರವರು ಸೇರಿ ತೂಬಿನ ಹೊರಗಿನ ಬಾಯಿಗೆ ಮರಳಿನ ಚೀಲ ಒಟ್ಟಿದರು. ಹರಿವು ನಿಂತಿತು, ಸೆಳೆತ ಸತ್ತಿತು. ಕೇಬಲ್ಲು ಎಳೆದಾಗ ಯಂತ್ರ ಬಲೆಯ ಚೂರಿನೊಂದಿಗೆ ಬಂತು. ದಿಮ್ಮಿಗೆ ಕೊಕ್ಕೆ ಹಾಕಿ ಎಳೆಯಲು ಮಧ್ಯಾಹ್ನವಾಯಿತು. ಬಾಗಿಲು ಈಗ ಪೂರ್ತಿ ಮುಚ್ಚಿಕೊಂಡಿದೆಯೇ ಎಂದು ನೋಡಲು ಯಂತ್ರವನ್ನು ಇನ್ನೊಮ್ಮೆ ಇಳಿಸಿದಾಗ ಚಿಕ್ಕಪ್ಪ ಪಕ್ಕದಲ್ಲೇ ಕೂತು, "ಅಗೋ, ಆ ಮೂಲೆ ಮುರ್ದಿರೋ ಕಲ್ಲು, ಕೈಗೆ ಸಿಗ್ತಿತ್ತು, ಕಣ್ಣಲ್ಲಿ ನೋಡಿದ್ದು ಇವತ್ತೇ" ಎಂದರು.

ದೀಪ ಆರಿಸಿದ್ದು ಸರಿಯೇ ಎಂದು ನನಗೆ ಈಗಲೂ ಗೊತ್ತಿಲ್ಲ. ಅವರೂ ಆಮೇಲೆ ಆ ಮಾತು ಎತ್ತಿಲ್ಲ.